ಆಫೀಸಿನಲ್ಲಿ ಸುಮ್ನೆ ಅನ್ನುವ ಇಂಗ್ಲಿಷ್ ಮಾತುಗಳು: ತಮಾಷೆ ಯಾವುದು, ನಿಜ ಯಾವುದು?

ಲೀಡ್ಸ್ ಮಳೆ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದೇನೆ. ನನ್ನ ಇಂಗ್ಲಿಷ್ ಬಗ್ಗೆ ನನಗೆ ಅನುಮಾನ ಇಲ್ಲ. ವರದಿ ಬರೆಯುತ್ತೇನೆ, ಮೀಟಿಂಗ್‌ನಲ್ಲಿ ಮಾತಾಡುತ್ತೇನೆ, ಬೇಕಾದರೆ ಫೋನಿನಲ್ಲಿ ಜಗಳವನ್ನೂ ಆಡುತ್ತೇನೆ. ತೊಂದರೆ ಇರುವುದು ಚೂರುಪಾರು ಮಾತುಗಳಲ್ಲಿ. ಲಿಫ್ಟ್ ಹತ್ತಿರ, ಟೀ ಮಾಡುವ ಜಾಗದಲ್ಲಿ, ಕೋಟು ಹಾಕಿಕೊಂಡು ಹೊರಡುವಾಗ ಯಾರೋ ಏನೋ ಅನ್ನುತ್ತಾರೆ, ಅಕ್ಕಪಕ್ಕದವರು ನಗುತ್ತಾರೆ, ಏನು ಹೇಳಬೇಕು ಅಂತ ನಾನು ಯೋಚಿಸುವಷ್ಟರಲ್ಲಿ ಅವರು ಬಾಗಿಲು ದಾಟಿ ಹೋಗಿರುತ್ತಾರೆ.

ಬೆಳಿಗ್ಗೆ ಒಂಬತ್ತೂಕಾಲಿಗೆ ಬಂದರೆ "ಗುಡ್ ಆಫ್ಟರ್‌ನೂನ್!" ಸಂಜೆ ಐದಕ್ಕೆ ಸರಿಯಾಗಿ ಎದ್ದರೆ "ಹಾಫ್ ಡೇ, ಈಸ್ ಇಟ್?" ಊರಿಗೆ ರಜೆಗೆ ಹೋಗುತ್ತಿದ್ದೇನೆ ಅಂದರೆ "ಆಲ್‌ರೈಟ್ ಫಾರ್ ಸಮ್". ಗೇಟಿನ ಸೆಕ್ಯೂರಿಟಿ ಅಜ್ಜ ದಿನಾ "ನೌ ದೆನ್" ಅನ್ನುತ್ತಾರೆ, ಅಷ್ಟಕ್ಕೇ ನಿಲ್ಲಿಸುತ್ತಾರೆ. ನೌ ದೆನ್, ಮುಂದೇನು? ಇನ್ನು ಎಲ್ಲರೂ ಎಲ್ಲರಿಗೂ ಕೇಳುವ "ಯೂ ಆಲ್‌ರೈಟ್?" ಅದನ್ನು ಕೇಳಿದಾಗೆಲ್ಲ ನನ್ನ ಮುಖ ಬಾಡಿದೆಯಾ ಅಂತ ಅನುಮಾನ ಬರುತ್ತದೆ.

ಇವರು ಚುಚ್ಚುತ್ತಿದ್ದಾರಾ, ಸಲಿಗೆಯಿಂದ ಅನ್ನುತ್ತಿದ್ದಾರಾ? ತಿರುಗಿ ಏನು ಹೇಳಬೇಕು? ಗೊತ್ತಿರುವವರು ಹೇಳಿ. ವ್ಯಾಕರಣ ಪಾಠ ಬೇಡ.

ಕಾವೇರಿ ಕಾಫಿ

ನಾನು ಮ್ಯಾಂಚೆಸ್ಟರ್‌ನಲ್ಲಿ ಇರುವುದು, ನಿಮ್ಮಿಂದ ಜಾಸ್ತಿ ದೂರ ಇಲ್ಲ.

"ಯೂ ಆಲ್‌ರೈಟ್?" ಅಂದರೆ ಇಲ್ಲಿ ಹಲೋ. ಅಷ್ಟೇ. "ಯಾ, ಯೂ?" ಅಂದರೆ ಮುಗಿಯಿತು. ನಡೆಯುತ್ತಲೇ ಹೇಳಿ, ನಿಲ್ಲಬೇಡಿ, ಅವರೂ ನಿಲ್ಲುವುದಿಲ್ಲ. ನಿಮ್ಮ "ಯೂ?"ಗೆ ಅವರು ಉತ್ತರ ಕೊಡದೆ ಹೋದರೂ ಬೇಜಾರು ಮಾಡಿಕೊಳ್ಳಬೇಡಿ. ಎಷ್ಟೋ ಸಲ ಇಬ್ಬರೂ ಪ್ರಶ್ನೆ ಕೇಳುತ್ತಾರೆ, ಇಬ್ಬರೂ ಉತ್ತರ ಕೊಡುವುದಿಲ್ಲ, ಇಬ್ಬರಿಗೂ ಸಮಾಧಾನ.

"ನೌ ದೆನ್" ನಿಮ್ಮ ಲೀಡ್ಸ್ ಇರುವ ಯಾರ್ಕ್‌ಷೈರ್ ಸೀಮೆಯವರ ಹಲೋ. ಅಜ್ಜನಿಗೆ ತಿರುಗಿ "ನೌ ದೆನ್" ಅನ್ನಿ, ಖುಷಿಯಾಗುತ್ತಾರೆ. "ಏ ಅಪ್" ಅಂದರೂ ಅದೇ. ಬಸ್ ಡ್ರೈವರ್ "ಥ್ಯಾಂಕ್ಸ್ ಲವ್" ಅಂದರೆ ಗಾಬರಿ ಬೇಡ, ಆ ಕಡೆ ಗಂಡಸರು ಗಂಡಸರಿಗೂ ಲವ್ ಅನ್ನುತ್ತಾರೆ. ಯಾರಾದರೂ "ಪುಟ್ ವುಡ್ ಇನ್ ದ ಹೋಲ್" ಅಂದರೆ ಮರ ಹುಡುಕಬೇಡಿ, ಬಾಗಿಲು ಹಾಕಿ ಅಂತ. "ವರ್ ಯೂ ಬಾರ್ನ್ ಇನ್ ಎ ಬಾರ್ನ್?" ಅನ್ನುವುದೂ ಬಾಗಿಲಿಗೇ, ಕೊಟ್ಟಿಗೆಯಲ್ಲಿ ಹುಟ್ಟಿದ್ದೀಯಾ ಅಂತ. ಚಳಿಯ ದೇಶ ಅಲ್ವಾ, ಬಾಗಿಲು ತೆರೆದಿಟ್ಟವರನ್ನು ಬೈಯಲು ಮಾತು ಕೂಡಿಟ್ಟುಕೊಂಡಿದ್ದಾರೆ.

ಡಲ್ಲಾಸ್ ದೋಸೆ

ಅಕ್ಕ, ಅದೇ "ಆರ್ ಯೂ ಆಲ್‌ರೈಟ್?" ಅನ್ನು ಅಮೆರಿಕದಲ್ಲಿ ಯಾರಾದರೂ ಕೇಳಿದರೆ ನೀವು ಎಡವಿ ಬಿದ್ದಿದ್ದೀರಿ ಇಲ್ಲವೇ ಅಳುತ್ತಿದ್ದೀರಿ ಅಂತ ಅರ್ಥ. ಒಂದೇ ಭಾಷೆ, ನಡುವೆ ಒಂದು ಸಮುದ್ರ.

ಇಲ್ಲಿ "ಹೌ ಆರ್ ಯೂ?"ಗೆ ಸೋಮವಾರ ಬೆಳಿಗ್ಗೆ ಬರುವ ಉತ್ತರ "ಲಿವಿಂಗ್ ದ ಡ್ರೀಮ್". ಕನಸಿನ ಬದುಕು ಬದುಕುತ್ತಿದ್ದೇನೆ ಅಂತ. ಮುಖ ನೋಡಿದರೆ ಹಾಗೇನೂ ಕಾಣುವುದಿಲ್ಲ. "ಅನದರ್ ಡೇ ಇನ್ ಪ್ಯಾರಡೈಸ್" ಅದರ ಅಣ್ಣ. ಆಗಸ್ಟ್ ಬಿಸಿಲಿನಲ್ಲಿ ಪಕ್ಕದ ಮನೆಯವರು "ಹಾಟ್ ಎನಫ್ ಫಾರ್ ಯೂ?" ಅಂತ ಕೇಳುತ್ತಾರೆ, ನಿಮಗೆ ಸೆಖೆ ಸಾಲದೇ ಬಂದಿದೆ ಅನ್ನುವ ಹಾಗೆ. ಅಂಗಡಿಯಲ್ಲಿ ಯಾವುದಾದರೂ ಸಾಮಾನು ಸ್ಕ್ಯಾನ್ ಆಗದಿದ್ದರೆ ಗಿರಾಕಿ "ಹಾಗಾದರೆ ಫ್ರೀ ಇರಬೇಕು!" ಅನ್ನಲೇಬೇಕು. ಪಾಪ ಕ್ಯಾಶಿಯರ್ ಹುಡುಗಿ ಅದನ್ನು ದಿನಕ್ಕೆ ಎಷ್ಟು ಸಲ ಕೇಳಿರುತ್ತಾಳೋ, ಪ್ರತಿ ಸಲವೂ ನಗುತ್ತಾಳೆ.

ನಾನು ಗಮನಿಸಿದ್ದು ಇದು. ಇವು ಯಾವುವೂ ಹೊಸ ಜೋಕುಗಳಲ್ಲ. ಹೊಸದಾಗಿರಬೇಕು ಅಂತ ಯಾರೂ ಬಯಸುವುದೂ ಇಲ್ಲ. "ವರ್ಕಿಂಗ್ ಹಾರ್ಡ್ ಆರ್ ಹಾರ್ಡ್ಲಿ ವರ್ಕಿಂಗ್?" ಅಂತ, ಅಂದರೆ ಮೈಮುರಿದು ದುಡೀತಿದ್ದೀರಾ, ದುಡಿಯುತ್ತಲೇ ಇಲ್ವಾ ಅಂತ, ನಮ್ಮ ಆಫೀಸಿನ ಹಿರಿಯರೊಬ್ಬರು ಕೇಳದ ವಾರವೇ ಇಲ್ಲ. ನಾವೂ "ಡಿಪೆಂಡ್ಸ್ ಹೂ ಈಸ್ ಆಸ್ಕಿಂಗ್" ಅನ್ನುತ್ತೇವೆ. ಅವರಿಗೂ ಗೊತ್ತು, ನಮಗೂ ಗೊತ್ತು.

ಒಂದು ಎಚ್ಚರಿಕೆ. ಟೆಕ್ಸಸ್ ಕಡೆ ವಯಸ್ಸಾದ ಹೆಂಗಸರು ಸಿಹಿಯಾಗಿ "ಬ್ಲೆಸ್ ಯುವರ್ ಹಾರ್ಟ್" ಅಂದರೆ ತಕ್ಷಣ ಥ್ಯಾಂಕ್ಸ್ ಹೇಳಬೇಡಿ. ನಿಜವಾದ ಕನಿಕರವೂ ಇರಬಹುದು. "ಅಯ್ಯೋ, ಇಷ್ಟೂ ತಿಳಿಯಲ್ವಲ್ಲ ಇದಕ್ಕೆ" ಅಂತಲೂ ಇರಬಹುದು. ಹಿಂದಿನ ವಾಕ್ಯ ಯಾವುದಿತ್ತು ಅಂತ ನೆನಪು ಮಾಡಿಕೊಳ್ಳಿ, ಉತ್ತರ ಅಲ್ಲೇ ಇರುತ್ತದೆ.

ಕೊಂಕು

ಎಲ್ಲರೂ ಸೇರಿ ಬಿಳಿಯರ ಮಾತಿಗೆ ಬಣ್ಣ ಹಚ್ಚುತ್ತಿದ್ದೀರಿ. ಒಂಬತ್ತೂಕಾಲಿಗೆ ಬಂದವರಿಗೆ ಗುಡ್ ಆಫ್ಟರ್‌ನೂನ್ ಅಂದರೆ ಲೇಟಾಗಿ ಬಂದಿದ್ದೀಯಾ ಅಂತ ಹೇಳಿದ ಹಾಗೆ. ನಗ್ತಾ ಹೇಳಿದರೂ ಹೇಳಿದ್ದು ಹೇಳಿದ್ದೇ. ಇದಕ್ಕೆ ಭಾಷಾಶಾಸ್ತ್ರ ಯಾಕೆ?

ಕಾವೇರಿ ಕಾಫಿ

ಕೊಂಕು ಅವರೇ, ಹೆಸರಿಗೆ ತಕ್ಕ ಹಾಗೇ ಮಾತಾಡಿದ್ದೀರಿ :) ಆದರೆ ಇಲ್ಲಿ ಕೆಲಸ ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಬ್ರಿಟಿಷರು ಸಿಟ್ಟು ಬಂದಾಗ ತಮಾಷೆ ಮಾಡುವುದು ಕಡಿಮೆ. ಸಿಟ್ಟು ಬಂದರೆ ಅವರು ಮೆತ್ತಗಾಗುತ್ತಾರೆ. ನಿಜವಾಗಿಯೂ ನಿಮ್ಮ ಲೇಟು ಅವರಿಗೆ ತಲೆನೋವಾಗಿದ್ದರೆ ಎಲ್ಲರ ಮುಂದೆ ಗುಡ್ ಆಫ್ಟರ್‌ನೂನ್ ಅನ್ನುವುದಿಲ್ಲ. ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ಹ್ಯಾವ್ ಯೂ ಗಾಟ್ ಎ ಮಿನಿಟ್?" ಅನ್ನುತ್ತಾರೆ. ಇಲ್ಲವೇ "ಐ ವಾಸ್ ಜಸ್ಟ್ ವಂಡರಿಂಗ್" ಅಂತ ಶುರುವಾಗುವ ಇಮೇಲ್ ಬರುತ್ತದೆ. ಆಗ ಹೆದರಿ.

ಬೈಗುಳವನ್ನು ರೇಷ್ಮೆಯಲ್ಲಿ ಸುತ್ತಿ ಕೊಡುತ್ತಾರೆ, ಸಲಿಗೆಯನ್ನು ಗೋಣಿಚೀಲದಲ್ಲಿ. ನಾವು ಚೀಲ ನೋಡಿ ಬೆಲೆ ಕಟ್ಟುತ್ತೇವೆ, ಅದಕ್ಕೇ ತಲೆಕೆಳಗಾಗುವುದು.

"ಹಾಫ್ ಡೇ, ಈಸ್ ಇಟ್?" ಅಂದವರಿಗೆ "ಯೆಸ್, ಡೋಂಟ್ ಟೆಲ್ ದ ಬಾಸ್" ಅನ್ನಿ. ಬಾಸೇ ಅಂದಿದ್ದರೂ ಅದನ್ನೇ ಅನ್ನಿ, ಇನ್ನೂ ಚೆನ್ನಾಗಿರುತ್ತದೆ. "ಆಲ್‌ರೈಟ್ ಫಾರ್ ಸಮ್" ಅಂದರೆ ಪುಣ್ಯ ಮಾಡಿದ್ದೀರಿ ಬಿಡಿ ಅಂತ. ಅದಕ್ಕೆ ಟಿಕೆಟ್ ದುಬಾರಿ, ಲೀವ್ ಸಿಕ್ಕಿದ್ದು ಕಷ್ಟ ಅಂತೆಲ್ಲ ಸಮಜಾಯಿಷಿ ಕೊಡಬೇಡಿ. "ಐ ವಿಲ್ ಥಿಂಕ್ ಆಫ್ ಯೂ" ಅಂದು ಹೊರಡಿ.

ಸಾಗರದ ಮೇಷ್ಟ್ರು

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಲೀಡ್ಸ್ ಮಳೆ ಅವರು ವ್ಯಾಕರಣ ಬೇಡ ಅಂದಿದ್ದಾರೆ, ಆದ್ದರಿಂದ ಹೆದರುತ್ತಲೇ ಬರೆಯುತ್ತಿದ್ದೇನೆ.

ನಮ್ಮವರು ತಮಾಷೆ ಮಾಡುವಾಗ ವಿಷಯವನ್ನು ಉಬ್ಬಿಸುತ್ತಾರೆ. ಅಪರೂಪಕ್ಕೆ ಮನೆಗೆ ಬಂದವನಿಗೆ "ಬರಬೇಕು ಬರಬೇಕು, ಮಹಾರಾಜರ ಸವಾರಿ ಇತ್ತ ಬಂತಾ, ಇವತ್ತು ಮಳೆ ಗ್ಯಾರಂಟಿ" ಅನ್ನುತ್ತೇವೆ. ಸೋಮಾರಿ ಒಂದು ದಿನ ಬೇಗ ಎದ್ದರೆ ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಅನ್ನುತ್ತೇವೆ. ಮಾತು ದೊಡ್ಡದಾಯಿತು ಅಂದರೆ ತಮಾಷೆ ಅಂತ ಮಕ್ಕಳಿಗೂ ತಿಳಿಯುತ್ತದೆ. ಇಂಗ್ಲಿಷರಲ್ಲೂ ಉಬ್ಬಿಸುವುದು ಉಂಟು, ಮೇಲೆ ಹೇಳಿದ ಗುಡ್ ಆಫ್ಟರ್‌ನೂನ್ ಅಂಥದ್ದೇ. ಅದು ನಮಗೆ ಹೇಗೋ ಸಿಕ್ಕಿಬಿಡುತ್ತದೆ. ಕೈ ತಪ್ಪುವುದು ಕುಗ್ಗಿಸುವ ಮಾತು. ಧೋ ಅಂತ ಸುರಿಯುವಾಗ ಪೂರ್ತಿ ನೆನೆದು ಬಂದವನು "ಎ ಬಿಟ್ ಡ್ಯಾಂಪ್" ಅನ್ನುತ್ತಾನೆ. ನಾವು ಪಾಠದಲ್ಲಿ ಕಲಿಸಿದ್ದು "ರೇನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್". ಆ ಬೆಕ್ಕು ನಾಯಿಗಳನ್ನು ಅಲ್ಲಿಯವರ ದಿನದ ಮಾತಿನಲ್ಲಿ ಕೇಳುವುದು ಅಪರೂಪ, ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ಮಾತ್ರ ಚೆನ್ನಾಗಿ ಬದುಕಿವೆ.

"ಎ ಬಿಟ್" ಬಂದಲ್ಲಿ ಕಿವಿ ನೆಟ್ಟಗೆ ಮಾಡಿ. "ಎ ಬಿಟ್ ಆಫ್ ಎ ಪ್ರಾಬ್ಲಂ" ಅಂದರೆ ಎಷ್ಟೋ ಸಲ ದೊಡ್ಡ ಸಮಸ್ಯೆ.

1982ರ ಜೂನ್ 24ರಂದು ಬ್ರಿಟಿಷ್ ಏರ್‌ವೇಸ್‌ನ ಒಂದು ಬೋಯಿಂಗ್ 747 ವಿಮಾನ ಜಾವಾ ದ್ವೀಪದ ಹತ್ತಿರ ಗಾಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ಹಾರಿತು. ರಾತ್ರಿ ಹೊತ್ತು. ಒಂದಾದ ಮೇಲೊಂದು ನಾಲ್ಕೂ ಇಂಜಿನ್ ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಹೇಳಿದ್ದು ಹೀಗೆ: ನಮಗೊಂದು ಸಣ್ಣ ಸಮಸ್ಯೆ ಬಂದಿದೆ, ನಾಲ್ಕೂ ಇಂಜಿನ್ ನಿಂತಿವೆ, ಮತ್ತೆ ಶುರು ಮಾಡಲು ಶಕ್ತಿಮೀರಿ ಪ್ರಯತ್ನಿಸುತ್ತಿದ್ದೇವೆ, ನಿಮಗೆ ತುಂಬಾ ಆತಂಕವಾಗಿಲ್ಲ ಎಂದು ನಂಬಿದ್ದೇನೆ. ಸಣ್ಣ ಸಮಸ್ಯೆಯಂತೆ! ಕೆಳಗಿಳಿಯುತ್ತಾ ಇಂಜಿನ್‌ಗಳು ಮತ್ತೆ ಹೊತ್ತಿಕೊಂಡವು, ಜಕಾರ್ತಾದಲ್ಲಿ ಕ್ಷೇಮವಾಗಿ ಇಳಿಸಿದರು. ಆ ಮಾತು ಇಂದಿಗೂ ಅವರಲ್ಲಿ ಹೆಮ್ಮೆಯ ಮಾತು.

ಇದೇ ಗುಣ ಕುತ್ತಿಗೆಗೆ ಬಂದದ್ದೂ ಇದೆ. ಕೊರಿಯಾ ಯುದ್ಧದಲ್ಲಿ, 1951ರ ಏಪ್ರಿಲ್, ಇಮ್‌ಜಿನ್ ನದಿಯ ಹತ್ತಿರ ಬ್ರಿಟಿಷ್ ಪಡೆಯನ್ನು ಚೀನಾ ಸೇನೆ ಸುತ್ತುವರಿದಿತ್ತು. ಬ್ರಿಗೇಡಿಯರ್ ಬ್ರೋಡಿ ತಮ್ಮ ಮೇಲಿನ ಅಮೆರಿಕನ್ ಜನರಲ್‌ಗೆ "ಥಿಂಗ್ಸ್ ಆರ್ ಎ ಬಿಟ್ ಸ್ಟಿಕಿ, ಸರ್" ಅಂದರಂತೆ. ಇನ್ನೊಬ್ಬ ಇಂಗ್ಲಿಷಿನವನಾಗಿದ್ದರೆ ಹೌಹಾರುತ್ತಿದ್ದ. ಅಮೆರಿಕದವರು, ಸ್ವಲ್ಪ ಕಷ್ಟ ಇದೆ, ಆದರೂ ತಡೆದುಕೊಳ್ಳುತ್ತಾರೆ ಅಂದುಕೊಂಡರು. ಗುಡ್ಡದ ಮೇಲಿದ್ದ, ಬ್ರೋಡಿ ಕೈಕೆಳಗಿನ ಗ್ಲಾಸ್ಟರ್ಸ್ ಪಡೆಗೆ ಸಕಾಲದಲ್ಲಿ ಹಿಂದೆ ಸರಿಯುವ ಆದೇಶ ಬರಲಿಲ್ಲ. ಬಹುತೇಕರು ಸೆರೆ ಸಿಕ್ಕರು. ಇಬ್ಬರಿಗೂ ಇಂಗ್ಲಿಷೇ ತಾಯಿಭಾಷೆ. ಆದ್ದರಿಂದ ನಮ್ಮ ಹುಡುಗಿಗೆ ಟೀ ಮಾಡುವ ಜಾಗದಲ್ಲಿ ತಬ್ಬಿಬ್ಬಾದರೆ ಅದನ್ನು ನಾನು ಭಾಷೆ ಬಾರದ ದೋಷ ಅನ್ನುವುದಿಲ್ಲ.

ಪೇಢೆ ಪ್ರಿಯ, ಧಾರವಾಡ

ಮೇಷ್ಟ್ರೇ, ಮಸ್ತ್ ಬರೆದಿರಿ. ಆದರೆ ನಮ್ಮಲ್ಲೂ ಕುಗ್ಗಿಸುವುದು ಇದೆ ಅಲ್ಲೇನ್ರೀ? ನಮ್ಮ ಅಪ್ಪ ಜೀವಮಾನದಲ್ಲಿ ಯಾವ ಅಡುಗೆಗೂ "ಅಡ್ಡಿ ಇಲ್ಲ" ಅನ್ನುವುದಕ್ಕಿಂತ ಮೇಲೆ ಹೋದವರಲ್ಲ. ಅವ್ವ ಅದನ್ನೇ ಪದಕ ಅಂದುಕೊಂಡು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಇಂಗ್ಲಿಷರ "ನಾಟ್ ಬ್ಯಾಡ್" ನನಗೆ ಮೊದಲ ದಿನವೇ ಅರ್ಥವಾಯಿತು.

ಸಾಗರದ ಮೇಷ್ಟ್ರು

ಒಪ್ಪಿದೆ ರೀ. ಹೊಗಳುವಾಗ ಕುಗ್ಗಿಸುತ್ತೇವೆ, ಕಾಲೆಳೆಯುವಾಗ ಉಬ್ಬಿಸುತ್ತೇವೆ. ನಿಮ್ಮ ತಂದೆಯವರು ಲೀಡ್ಸ್‌ನಲ್ಲಿ ಸುಖವಾಗಿ ಇರುತ್ತಿದ್ದರು.

ಲೀಡ್ಸ್ ಮಳೆ

ಇಷ್ಟೆಲ್ಲ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಈಗ ಹೊಸ ಹೆದರಿಕೆ ಶುರುವಾಯಿತು. ನನ್ನ ವರದಿ ಓದಿ ಮ್ಯಾನೇಜರ್ "ಕ್ವೈಟ್ ಗುಡ್" ಅಂತ ಬರೆದಿದ್ದಾರೆ. ಇದು ಕುಗ್ಗಿಸಿದ ಹೊಗಳಿಕೆಯಾ? ಸಂಭ್ರಮ ಪಡಲಾ, ತಿದ್ದಲಾ?

ಡಲ್ಲಾಸ್ ದೋಸೆ

ಸಂಭ್ರಮ ಪಡಿ! ಕ್ವೈಟ್ ಗುಡ್ ಅಂದರೆ ತುಂಬಾ ಚೆನ್ನಾಗಿದೆ ಅಂತ.

ಕಾವೇರಿ ಕಾಫಿ

ತಡೆಯಿರಿ ದೋಸೆ, ಅದು ನಿಮ್ಮ ಕಡೆ. ಇಲ್ಲಿ "ಕ್ವೈಟ್ ಗುಡ್" ಅಂದರೆ ಸಾಮಾನ್ಯವಾಗಿ ತಕ್ಕಮಟ್ಟಿಗೆ ಇದೆ ಅಂತ. ಮಾತಿನಲ್ಲಾದರೆ ಒತ್ತು ಎಲ್ಲಿ ಬೀಳುತ್ತದೆ ನೋಡಿ. "ಗುಡ್" ಮೇಲೆ ಬಿದ್ದರೆ ಖುಷಿ, "ಕ್ವೈಟ್" ಅನ್ನು ಎಳೆದರೆ ಹಿಂದೆಯೇ "ಬಟ್" ಬರುತ್ತದೆ. ಬರಹದಲ್ಲಿ ಒತ್ತು ಕಾಣಿಸುವುದಿಲ್ಲ. ತಮಾಷೆಯಂತೂ ಅಲ್ಲ. "ಏನಾದರೂ ಸೇರಿಸಬೇಕಾ?" ಅಂತ ನೇರವಾಗಿ ಕೇಳಿಬಿಡಿ. ಹಾಗೆ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಹಾಗೇ "ವೆರಿ ಇಂಟರೆಸ್ಟಿಂಗ್" ಅಂತ ಒಂದೇ ದನಿಯಲ್ಲಿ ಹೇಳಿ ಮುಂದಿನ ವಿಷಯಕ್ಕೆ ಹೋದರೆ ನಿಮ್ಮ ಐಡಿಯಾ ಅಲ್ಲಿಗೆ ಮುಗಿಯಿತು ಅಂತ ತಿಳಿಯಿರಿ.

ಮೆಲ್ಬರ್ನ್ ಮಾಣಿ

ಆಸ್ಟ್ರೇಲಿಯಾದಿಂದ ಒಂದು ಮಾತು. ಇಲ್ಲಿ ಕಾಲೆಳೆಯುವುದು ನಿಮ್ಮನ್ನು ಒಳಗೆ ಸೇರಿಸಿಕೊಂಡ ಗುರುತು. ತೀರಾ ಮರ್ಯಾದೆಯಿಂದ ಮಾತಾಡಿಸುತ್ತಿದ್ದಾರೆ ಅಂದರೆ ಇನ್ನೂ ಹೊರಗಿನವರು ಅಂತ. ಕೆಂಪು ಕೂದಲಿನವನನ್ನು ಬ್ಲೂಯಿ ಅನ್ನುತ್ತಾರೆ, ಅಂದರೆ ನೀಲಿ. ಉದ್ದನೆಯವನಿಗೆ ಶಾರ್ಟಿ ಅನ್ನಲೂ ಹಿಂಜರಿಯುವುದಿಲ್ಲ. ಯಾಕೆ ಅಂತ ಕೇಳಿದರೆ ಅವರಿಗೇ ಆಶ್ಚರ್ಯ.

ಯಾರೂ ಬೆನ್ನು ತಟ್ಟಿಕೊಳ್ಳುವ ಹಾಗಿಲ್ಲ ಇಲ್ಲಿ. ಬಡ್ತಿ ಸಿಕ್ಕಿದ ದಿನವೇ "ಇನ್ನು ನಮ್ಮ ಜೊತೆ ಮಾತಾಡ್ತೀಯೋ ಇಲ್ವೋ" ಅಂತ ಶುರು. ಅದಕ್ಕೆ "ಇಲ್ಲ, ಇನ್ನು ಮುಂದೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ" ಅಂದರೆ ಸರಿಯಾದ ಉತ್ತರ. "ಇಲ್ಲ ಇಲ್ಲ, ನಾನು ಯಾವತ್ತೂ ನಿಮ್ಮವನೇ" ಅಂತ ಭಾಷಣ ಮಾಡಿದರೆ ಎಲ್ಲರೂ ಕಾಫಿ ಕಪ್ ನೋಡುತ್ತಾ ಕೂರುತ್ತಾರೆ. "ಯಾ, ನಾ" ಅಂದರೆ ಬೇಡ ಅಂತ, "ನಾ, ಯಾ" ಅಂದರೆ ಹೂಂ ಅಂತ. ಕೊನೆಯದನ್ನು ಹಿಡಿದುಕೊಳ್ಳಿ. "ಹೌ ಯಾ ಗೋಯಿಂಗ್?" ಅಂದರೆ ಹೇಗಿದ್ದೀರಿ ಅಂತ, ಹೇಗೆ ಹೋಗುತ್ತೀರಿ ಅಂತಲ್ಲ. ಬಸ್ಸಿನಲ್ಲಿ ಹೋಗುತ್ತೇನೆ ಅಂತ ಉತ್ತರ ಕೊಡಬೇಡಿ, ಸಾಕು.

ನೈಟ್‌ಶಿಫ್ಟ್ ನರಸಿಂಹ

ನೀವೆಲ್ಲ ಮುಖ ನೋಡಿ ಮಾತಾಡುವವರು, ಪುಣ್ಯವಂತರು. ನಾವು ಬೆಂಗಳೂರಿನಲ್ಲಿ ಕೂತು ಫೋನಿನಲ್ಲೇ ಇದನ್ನೆಲ್ಲ ನಿಭಾಯಿಸಬೇಕು. ಅಮೆರಿಕದ ಟೀಮ್ ಜೊತೆ ಕಾಲ್ ಶುರುವಾಗುವ ಹೊತ್ತಿಗೆ ನಮಗೆ ರಾತ್ರಿ, ಅವರಿಗೆ ಬೆಳಿಗ್ಗೆ. ಹನ್ನೆರಡು ದಾಟಿತು ಅಂದರೆ ನಮ್ಮಲ್ಲಿ ನಾಳೆ ಬಂದಿರುತ್ತದೆ. ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಸೋ, ಹೌ ಈಸ್ ದ ಫ್ಯೂಚರ್? ಲಾಟರಿ ನಂಬರ್ ಹೇಳು." ಹೊಸದಾಗಿ ಸೇರಿದ ನಮ್ಮ ಹುಡುಗರು ಮೊದಲು ಟೈಮ್ ಝೋನ್ ಲೆಕ್ಕ ಒಪ್ಪಿಸುತ್ತಾರೆ. ನಮ್ಮ ಟೀಮಿನ ಹುಡುಗಿಯೊಬ್ಬಳು "ಹೇಳ್ತೀನಿ, ನನ್ನ ಪಾಲೆಷ್ಟು?" ಅಂದಳು. ಅವತ್ತಿನಿಂದ ಅವಳ ಹೆಸರು ಎಲ್ಲರಿಗೂ ನೆನಪಿದೆ.

ಫೋನಿನಲ್ಲಿ ಇನ್ನೊಂದು ಕಷ್ಟ ತಡವಾಗಿ ತಲುಪುವುದು. ನಾವು ನಗುವುದು ಒಂದು ಕ್ಷಣ ಬಿಟ್ಟು ಅವರಿಗೆ ಕೇಳಿಸುತ್ತದೆ. ಆ ಒಂದು ಕ್ಷಣದಲ್ಲಿ ಅವರು "ಐ ಆಮ್ ಕಿಡಿಂಗ್" ಅಂತ ವಿವರಣೆ ಶುರು ಮಾಡಿರುತ್ತಾರೆ, ನಮ್ಮ ನಗು ವಿವರಣೆಯ ಮೇಲೆ ಹೋಗಿ ಬೀಳುತ್ತದೆ. ಇದಕ್ಕೆ ಮದ್ದಿಲ್ಲ. ಕ್ಯಾಮೆರಾ ಆನ್ ಇಟ್ಟುಕೊಂಡರೆ ಸ್ವಲ್ಪ ವಾಸಿ.

ಮತ್ತೆ, ಅವರು ಸರ್ಕಾಸಂ, ಅಂದರೆ ವ್ಯಂಗ್ಯ ಆಡುವಾಗ ದನಿ ಹೆಚ್ಚಾಗಿ ಚಪ್ಪಟೆಯಾಗುತ್ತದೆ, ನಿಧಾನವಾಗುತ್ತದೆ. "ಓ... ಗ್ರೇಟ್." ನಿಜವಾದ ಗ್ರೇಟ್ ಮೇಲಕ್ಕೆ ಹಾರುತ್ತದೆ, ಇದು ನೆಲಕ್ಕೆ ಕೂರುತ್ತದೆ. ಸರ್ವರ್ ಬಿದ್ದಿದೆ ಅಂತ ತಿಳಿಸಿದಾಗ "ಫೆಂಟಾಸ್ಟಿಕ್" ಅಂದರೆ ಥ್ಯಾಂಕ್ಯೂ ಅನ್ನಬೇಡಿ.

ಎಡಿಸನ್ ಅಮ್ಮ

ನಾನು ನ್ಯೂಜೆರ್ಸಿಯಲ್ಲಿ ಇದ್ದೀನಿ. ದೊಡ್ಡವರ ಮಾತು ಹೇಗೋ ತಿಳಿಯುತ್ತದೆ, ಮಕ್ಕಳದ್ದೇ ಕಷ್ಟ. ಮಗ ಹೈಸ್ಕೂಲು. ಅವನ ಗೆಳೆಯರ ಮೆಸೇಜಿನಲ್ಲಿ "ಐ ಆಮ್ ಡೆಡ್" ಅಂತ, ಪಕ್ಕದಲ್ಲಿ ತಲೆಬುರುಡೆ ಚಿತ್ರ. ಎದೆ ಧಸಕ್ ಅಂತು. ಕೇಳಿದರೆ "ಅಮ್ಮಾ, ಅದು ನಗು" ಅಂದ.

ನೈಟ್‌ಶಿಫ್ಟ್ ನರಸಿಂಹ

ನಕ್ಕು ನಕ್ಕು ಸತ್ತೆ ಅಂತ ಅಮ್ಮ. ನಗುವ ಮುಖದ ಇಮೋಜಿ ಹಾಕಿದರೆ ಈಗ ಹುಡುಗರು ನಮ್ಮನ್ನು ಮುದುಕರು ಅನ್ನುತ್ತಾರೆ.

ಅಂದ ಹಾಗೆ ಟೈಪ್ ಮಾಡುವ ನಗುಮುಖ :-) ಹುಟ್ಟಿದ್ದೇ ತಮಾಷೆ ಅರ್ಥವಾಗದೇ ಹೋದದ್ದರಿಂದ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಆಗ ಕಂಪ್ಯೂಟರ್‌ನಲ್ಲೇ ಒಂದು ಸೂಚನಾ ಫಲಕ ಇತ್ತು. ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಅಂತ ಯಾರೋ ತಮಾಷೆಗೆ ಬರೆದದ್ದನ್ನು ಕೆಲವರು ನಿಜ ಅಂದುಕೊಂಡರು. ಆಮೇಲೆ 1982ರ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್‌ಮನ್ ಅನ್ನುವ ಪ್ರೊಫೆಸರ್, ಜೋಕಿಗೆ ಗುರುತಾಗಿ ಎರಡು ಚುಕ್ಕೆ, ಗೆರೆ, ಕಂಸ ಹಾಕೋಣ ಅಂತ ಸೂಚಿಸಿದರು. ಕಂಪ್ಯೂಟರ್ ವಿಜ್ಞಾನದ ಮೇಧಾವಿಗಳಿಗೇ ತಮ್ಮವರ ಜೋಕು ಬರಹದಲ್ಲಿ ತಿಳಿಯಲಿಲ್ಲ.

ಕೊಂಕು

ಸರಿ, ಲೇಟಿನ ವಿಷಯದಲ್ಲಿ ಕಾವೇರಿ ಹೇಳಿದ್ದಕ್ಕೆ ಅರ್ಧ ತಲೆ ಆಡಿಸುತ್ತೇನೆ. ಆದರೆ ಲೀಡ್ಸ್ ಅಂದಕೂಡಲೇ ನನಗೆ ನೆನಪಾದದ್ದನ್ನು ಯಾರೂ ಹೇಳಲಿಲ್ಲ. ಯಾರ್ಕ್‌ಷೈರ್ ಕ್ರಿಕೆಟ್. ಹೆಡಿಂಗ್ಲಿ ಮೈದಾನ ಅಲ್ಲೇ ಇರುವುದು. ಪಾಕಿಸ್ತಾನ ಮೂಲದ ಅಜೀಂ ರಫೀಕ್ ಆ ತಂಡದಲ್ಲಿ ಆಡಿದವರು. 2021ರ ನವೆಂಬರ್‌ನಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿ ಮುಂದೆ ಕೂತು, ಜನಾಂಗದ ಹೆಸರು ಹಿಡಿದು ತಮ್ಮನ್ನು ಹೇಗೆ ಕರೆಯುತ್ತಿದ್ದರು ಅಂತ ಕಣ್ಣೀರು ಹಾಕುತ್ತಾ ಹೇಳಿದರು. ಅದಕ್ಕೆಲ್ಲ ಆಗ ಕೊಡುತ್ತಿದ್ದ ಹೆಸರು ಬ್ಯಾಂಟರ್. ಸುಮ್ನೆ ತಮಾಷೆ. ನಮ್ಮ ಚೇತೇಶ್ವರ ಪೂಜಾರ ಅಲ್ಲಿ ಆಡುವಾಗ ಹೆಸರು ಕಷ್ಟ ಅಂತ ಸ್ಟೀವ್ ಅನ್ನುತ್ತಿದ್ದರು. ಅದೂ ಆಗ ಹೊರಗೆ ಬಂತು.

ಹಾಗಾಗಿ ನನ್ನ ಪ್ರಶ್ನೆ ಬೇರೆ. ಇಲ್ಲಿ ಎಲ್ಲರೂ "ನಗಿ, ತಿರುಗಿ ಒಂದು ಅನ್ನಿ" ಅನ್ನುತ್ತಿದ್ದೀರಿ. ಯಾವಾಗ ನಗಬಾರದು ಅಂತಲೂ ಹೇಳಿ.

ಕಾವೇರಿ ಕಾಫಿ

ಇದು ಒಳ್ಳೆಯ ಪ್ರಶ್ನೆ, ಕೊಂಕಿಲ್ಲದೇ ಒಪ್ಪುತ್ತೇನೆ.

ನನ್ನ ಲೆಕ್ಕ ಹೀಗೆ. ಹವಾಮಾನ, ಟೀ, ಲೇಟು, ಸೋಮವಾರ, ಫುಟ್‌ಬಾಲ್ ತಂಡ, ಇವುಗಳ ಮೇಲಿನ ಮಾತು ಯಾರ ಮೇಲೆ ಬೇಕಾದರೂ ಹೋಗುತ್ತದೆ. ಅದೇ ಮಾತನ್ನು ಪಕ್ಕದ ಟೇಬಲ್‌ನವರಿಗೂ ಅನ್ನುತ್ತಾರಾ ನೋಡಿ. ಅಂದರೆ ಸರಿ. ನಿಮ್ಮ ಉಚ್ಚಾರ, ಡಬ್ಬಿಯ ವಾಸನೆ, ಹೆಸರು, ಬಣ್ಣ, ದೇವರು, ಇವು ನಿಮ್ಮೊಬ್ಬರಿಗೇ ಅಂಟಿಕೊಂಡು ಬರುವ ಮಾತುಗಳು. ಇವುಗಳ ಮೇಲೆ ಪದೇಪದೇ ಬಂದರೆ, ಒಮ್ಮೆ ಬೇಡ ಅಂದ ಮೇಲೂ ಬಂದರೆ, ಅದಕ್ಕೆ ಬೇರೆ ಹೆಸರಿದೆ. ಇನ್ನೊಂದು ಗುರುತು, ನೀವು ತಿರುಗಿ ಅಂದರೆ ಅವರಿಗೆ ಸಹಿಸಲು ಆಗುತ್ತದಾ? ಆಗದಿದ್ದರೆ ಅದು ಒಂದೇ ಕಡೆಯ ಆಟ.

ಬ್ರಿಟನ್ನಿನ 2010ರ ಸಮಾನತಾ ಕಾಯ್ದೆಯಲ್ಲಿ ಇದು ಸ್ಪಷ್ಟವಾಗಿದೆ. ಜನಾಂಗ, ಧರ್ಮ, ಲಿಂಗ ಇಂಥ ವಿಷಯಕ್ಕೆ ಸಂಬಂಧಪಟ್ಟ, ನಿಮಗೆ ಬೇಡವಾದ ನಡವಳಿಕೆ ನಿಮ್ಮ ಘನತೆಗೆ ಧಕ್ಕೆ ತಂದರೆ ಅದು ಕಿರುಕುಳ ಆಗಬಹುದು. ಹೇಳಿದವರ ಉದ್ದೇಶ ಒಂದನ್ನೇ ನೋಡುವುದಿಲ್ಲ, ಆದ ಪರಿಣಾಮವನ್ನೂ ನೋಡುತ್ತಾರೆ. "ತಮಾಷೆಗೆ ಅಂದೆ" ಅಂದರೆ ಅಷ್ಟಕ್ಕೇ ಬಿಟ್ಟುಬಿಡುವುದಿಲ್ಲ. ಏನು ಅಂದರು, ಯಾವ ದಿನ, ಯಾರಿದ್ದರು ಅಂತ ಬರೆದಿಟ್ಟುಕೊಳ್ಳಿ.

ಅಲ್ಲಿಯವರೆಗೂ ಹೋಗದ, ಸ್ವಲ್ಪ ಕಿರಿಕಿರಿಯ ಮಾತಿಗೆ ಒಂದು ಉಪಾಯ ಇದೆ. ನಗದೇ, ಸಿಟ್ಟಾಗದೇ, "ಸಾರಿ, ಅರ್ಥವಾಗಲಿಲ್ಲ, ಬಿಡಿಸಿ ಹೇಳ್ತೀರಾ?" ಅನ್ನಿ. ಕೆಟ್ಟ ಜೋಕನ್ನು ಬಿಡಿಸಿ ಹೇಳುವುದಕ್ಕಿಂತ ಮುಜುಗರದ ಕೆಲಸ ಇನ್ನೊಂದಿಲ್ಲ. ಇಲ್ಲಿ ನಮಗೆ ವಿದೇಶಿ ಅನ್ನುವುದು ಅನುಕೂಲವೇ, ಯಾರೂ ಅನುಮಾನ ಪಡುವುದಿಲ್ಲ.

ಕೊಂಕು

ಇದು ಅಡ್ಡಿ ಇಲ್ಲ. ಧಾರವಾಡದ ಅರ್ಥದಲ್ಲಿ.

ಪೇಢೆ ಪ್ರಿಯ, ಧಾರವಾಡ

😄 ಒಂದು ರೊಟ್ಟಿ ಹಾಕ್ರೀ ಇವರಿಗೆ.

ಮೇಷ್ಟ್ರೇ, ಒಂದು ಕೇಳಬೇಕಿತ್ತು. "ಯೂ ಆಲ್‌ರೈಟ್" ನಮ್ಮ "ಊಟ ಆಯ್ತಾ" ಇದ್ದ ಹಾಗೆ ಅಂತ ಎಲ್ಲ ಕಡೆ ಬರೆಯುತ್ತಾರೆ. ಹೌದೇನು?

ಸಾಗರದ ಮೇಷ್ಟ್ರು

ಪೂರ್ತಿ ಹೌದು ಅನ್ನಲಾರೆ. ಮಾಲಿನೋವ್‌ಸ್ಕಿ ಅನ್ನುವ ಮಾನವಶಾಸ್ತ್ರಜ್ಞ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಇದ್ದು ಬಂದು, 1923ರಲ್ಲಿ ಒಂದು ಲೇಖನದಲ್ಲಿ ಇಂಥ ಮಾತುಗಳ ಬಗ್ಗೆ ಬರೆದರು. ವಿಷಯ ತಿಳಿಸಲು ಆಡುವ ಮಾತು ಬೇರೆ, ಸುಮ್ಮನಿರುವ ಬಿಗುವನ್ನು ಕಳೆದು ಹತ್ತಿರವಾಗಲು ಆಡುವ ಮಾತು ಬೇರೆ ಅಂತ. ಎರಡೂ ಆ ಜಾತಿಯವೇ. ಆದರೆ "ಊಟ ಆಯ್ತಾ"ಗೆ ಇಲ್ಲ ಅಂದು ನೋಡಿ. ನಮ್ಮ ಊರಿನಲ್ಲಿ ಎಲೆ ಹಾಕಿಯೇ ಹಾಕುತ್ತಾರೆ. "ಯೂ ಆಲ್‌ರೈಟ್"ಗೆ ಇಲ್ಲ ಅಂದರೆ ಅವರು ಏನು ಮಾಡುತ್ತಾರೋ, ಕಾವೇರಿ ಹೇಳಬೇಕು.

ಕಾವೇರಿ ಕಾಫಿ

ಕೆಟಲ್ ಹಾಕುತ್ತಾರೆ ಮೇಷ್ಟ್ರೇ. ಟೀ ಕೈಗೆ ಕೊಟ್ಟು, ಏನಾಯಿತು ಅಂತ ಕೇಳಿ, ಆಮೇಲೆ ತಮ್ಮ ನಾಯಿಯ ಬಗ್ಗೆ ಮಾತಾಡುತ್ತಾರೆ. ಅಷ್ಟೊಂದು ಕೆಟ್ಟವರೇನಲ್ಲ.

ಲೀಡ್ಸ್ ಮಳೆ

ಕೊನೆಯದಾಗಿ ಒಂದು. ಇವತ್ತು ಅಜ್ಜನಿಗೆ "ನೌ ದೆನ್" ಅಂದೆ. ಅವರು ಟೋಪಿ ಮುಟ್ಟಿ, "ಶೀ ಈಸ್ ಲರ್ನಿಂಗ್" ಅಂತ ಪಕ್ಕದವರಿಗೆ ಹೇಳಿದರು. ಅದರ ಅರ್ಥ ಬಿಡಿಸಿ ಹೇಳುವುದು ಬೇಡ, ತಿಳಿಯಿತು :)

ಪ್ರಶ್ನೆ ಬೇರೆ. ಟೀಮಿನ ಒಬ್ಬರು "ಯೂ ಮಸ್ಟ್ ಕಮ್ ರೌಂಡ್ ಫಾರ್ ಡಿನ್ನರ್ ಸಮ್‌ಟೈಮ್" ಅಂತ ಹೇಳುತ್ತಲೇ ಇರುತ್ತಾರೆ. ಇದು ಕರೆಯಾ, ಸುಮ್ನೆ ಮಾತಾ? ನಾನು ಡೈರಿ ತೆಗೆಯಲಾ ಬೇಡವಾ?

ಕಾವೇರಿ ಕಾಫಿ

"ಸಮ್‌ಟೈಮ್" ಇದ್ದರೆ ಸುಮ್ನೆ ಮಾತು. "ದಟ್ ವುಡ್ ಬಿ ಲವ್ಲಿ" ಅಂದು ಅಲ್ಲಿಗೆ ಬಿಡಿ. ದಿನ, ಗಂಟೆ ಎರಡೂ ಹೇಳಿದರೆ ಮಾತ್ರ ಕರೆ.

ಲೀಡ್ಸ್ ಮಳೆ

ಅಯ್ಯೋ, ಈಗಷ್ಟೇ ಮೆಸೇಜ್ ಬಂತು. ಶನಿವಾರ ಏಳಕ್ಕೆ ಅಂತೆ. "ಜಸ್ಟ್ ಬ್ರಿಂಗ್ ಯುವರ್‌ಸೆಲ್ಫ್" ಅಂತಲೂ ಇದೆ.

ಕಾವೇರಿ ಕಾಫಿ

ಹಾಗಾದರೆ ಹೋಗಿ. ಏಳು ಅಂದರೆ ಏಳೂ ಹತ್ತಕ್ಕೆ ಬೆಲ್ ಒತ್ತಿ, ಆರೂ ಐವತ್ತಕ್ಕೆ ಹೋದರೆ ಅವರು ಇನ್ನೂ ಈರುಳ್ಳಿ ಹೆಚ್ಚುತ್ತಿರುತ್ತಾರೆ. ಮಾಂಸ ತಿನ್ನದಿದ್ದರೆ ಇವತ್ತೇ ತಿಳಿಸಿ. ಬರೀ ನೀವು ಬನ್ನಿ ಅಂದಿದ್ದಾರೆ ಅಂತ ಕೈ ಬೀಸಿಕೊಂಡು ಹೋಗಬೇಡಿ, ಒಂದು ಡಬ್ಬಿ ಮೈಸೂರು ಪಾಕ್ ಇಟ್ಟುಕೊಳ್ಳಿ. "ಯೂ ಶುಡ್‌ನಾಟ್ ಹ್ಯಾವ್" ಅನ್ನುತ್ತಾರೆ. ಅನ್ನಲಿ, ಡಬ್ಬಿ ಕೊಡಿ.